ಕುಡಿತದ ಸೆರೆಯಿಂದ ಬಿಡುಗಡೆ: ಪೂಜ್ಯ ಮ್ಯಾಟ್ ಟಾಲ್ಬಟ್‌ರ ಜೀವನ

ಧರ್ಮಕೇಂದ್ರವೊಂದು ತನ್ನ ನೂರು ವರ್ಷಗಳ ಚರಿತ್ರೆಯನ್ನು ಬರೆಯಲು ಕುಳಿತಾಗ ಗೋಪುರವನ್ನು ಎಬ್ಬಿಸಿದವರ, ಗಂಟೆಯನ್ನು ದಾನವಿತ್ತವರ, ಬಲಿಪೀಠವನ್ನು ಕಟ್ಟಿಸಿದವರ ಹೆಸರುಗಳು ಸಹಜವಾಗಿಯೇ ಮೊದಲು ನೆನಪಿಗೆ ಬರುತ್ತವೆ. ಅವು ಬರತಕ್ಕವೇ. ಆದರೆ ಅದೇ ದೇವಾಲಯದಲ್ಲಿ ಬಾಗಿಲ ಮಗ್ಗುಲಿಗೆ ನಿಂತು, ಪೂಜೆ ಮುಗಿಯುವುದಕ್ಕೆ ಮುಂಚೆಯೇ ತಲೆ ತಗ್ಗಿಸಿಕೊಂಡು ಹೊರಟುಹೋದವರ ಹೆಸರುಗಳು ಯಾವ ದಾಖಲೆಯಲ್ಲಿಯೂ ಸಿಕ್ಕುವುದಿಲ್ಲ. ಹಿಂದಿನ ರಾತ್ರಿಯ ಕುಡಿತದ ವಾಸನೆ ಪಕ್ಕದವರಿಗೆ ತಿಳಿದೀತೆಂಬ ಅಳುಕು ಒಬ್ಬರಿಗೆ. ಹೆಂಡತಿ ಮಕ್ಕಳ ಮುಖ ನೋಡಲಾರದ ನಾಚಿಕೆ ಇನ್ನೊಬ್ಬರಿಗೆ. ಇಂಥವರೂ ನಮ್ಮ ಧರ್ಮಕೇಂದ್ರಗಳ ಮಕ್ಕಳೇ. ಇಂಥವರಲ್ಲೊಬ್ಬರಾಗಿದ್ದು, ಮುಂದೆ ಧರ್ಮಸಭೆಯಿಂದ ಪೂಜ್ಯರೆಂದು ಸಾರಲ್ಪಟ್ಟ ಒಬ್ಬ ಬಡ ಕೂಲಿಯಾಳಿನ ಜೀವನವನ್ನು ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ವಾಚಕರ ಮುಂದಿಡಲು ನಾವು ಬಯಸುತ್ತೇವೆ. ಅವರೇ ಐರ್ಲೆಂಡಿನ ಡಬ್ಲಿನ್ ನಗರದ ಮ್ಯಾಟ್ ಟಾಲ್ಬಟ್. 2025ರ ಜೂನ್ ತಿಂಗಳಿಗೆ ಅವರು ತೀರಿಕೊಂಡು ಸರಿಯಾಗಿ ನೂರು ವರ್ಷ ತುಂಬಿತು.

ಬಡತನದ ಬೀದಿಗಳಲ್ಲಿ

ಮ್ಯಾಥ್ಯೂ ಟಾಲ್ಬಟ್ ಹುಟ್ಟಿದ್ದು 1856ನೆಯ ಇಸವಿ ಮೇ 2ರಂದು, ಡಬ್ಲಿನ್ನಿನ ನಾರ್ತ್ ಸ್ಟ್ರಾಂಡ್ ಎಂಬ ಭಾಗದಲ್ಲಿ. ತಂದೆ ಚಾರ್ಲ್ಸ್, ತಾಯಿ ಎಲಿಜಬೆತ್. ಈ ದಂಪತಿಗಳ ಹನ್ನೆರಡು ಮಂದಿ ಮಕ್ಕಳಲ್ಲಿ ಮ್ಯಾಟ್ ಎರಡನೆಯವನು. ಹುಟ್ಟಿದ ಮೂರನೆಯ ದಿನವೇ ಅವನಿಗೆ ಜ್ಞಾನಸ್ನಾನವಾಯಿತು.

ಆ ಕಾಲದ ಐರ್ಲೆಂಡ್ ಎಂಥದಾಗಿತ್ತೆಂಬುದನ್ನು ನಾವು ನೆನಪಿಗೆ ತಂದುಕೊಳ್ಳಬೇಕು. ಮ್ಯಾಟ್ ಹುಟ್ಟುವುದಕ್ಕೆ ಕೆಲವೇ ವರ್ಷಗಳ ಹಿಂದೆ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಘೋರವಾದ ಕ್ಷಾಮ ಬಂದಿತ್ತು. ಸುಮಾರು ಹತ್ತು ಲಕ್ಷ ಜನ ಹಸಿವೆಯಿಂದಲೂ ಜ್ವರದಿಂದಲೂ ಸತ್ತರು. ಅಷ್ಟೇ ಮಂದಿ ಹಡಗು ಹತ್ತಿ ದೇಶವನ್ನೇ ಬಿಟ್ಟರು. ಉಳಿದ ಬಡವರಲ್ಲಿ ಅನೇಕರು ನಗರಗಳಿಗೆ ಬಂದು ಹಳೆಯ ಮಹಲುಗಳ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರವಾಗಿ ನೆಲೆಸಿದರು. ಗಂಡಸರಿಗೆ ಬಂದರಿನಲ್ಲಿ ಮೂಟೆ ಹೊರುವ ಕೆಲಸ. ಅದೂ ಸಿಕ್ಕಿದ ದಿನ ಉಂಟು, ಸಿಕ್ಕದ ದಿನ ಇಲ್ಲ. ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲದವನಿಗೆ ಬೆಳಕು, ಬಿಸಿ, ಮಾತು, ನಗೆ ಇವೆಲ್ಲವೂ ದೊರಕುತ್ತಿದ್ದ ತಾಣವೊಂದೇ, ಅದು ಬೀದಿಯ ಮೂಲೆಯ ಮದ್ಯದಂಗಡಿ. ದುಃಖವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ಗಂಡಸಿಗೆ ಹೀನಾಯವೆಂದು ತಿಳಿದಿದ್ದ ಆ ಸಮಾಜದಲ್ಲಿ ಗುಟುಕು ಮದ್ಯವು ಕಣ್ಣೀರಿನ ಬದಲಿಗೆ ಬಂದಿತ್ತು.

ಮ್ಯಾಟ್‌ನ ತಂದೆಯೂ ಕುಡಿತಕ್ಕೆ ಬಿದ್ದವರು. ಸಂಸಾರವು ಬಾಡಿಗೆ ಕೊಡಲಾರದೆ ಒಂದು ಮನೆಯಿಂದ ಇನ್ನೊಂದಕ್ಕೆ ಅಲೆಯುತ್ತಿತ್ತು. ತಾಯಿ ಮಾತ್ರ ಹರಿದುದನ್ನು ಹೊಲಿಯುತ್ತ, ಇಲ್ಲದುದನ್ನು ಹೊಂದಿಸುತ್ತ, ಜಪಸರವನ್ನು ಕೈಬಿಡದೆ ಮನೆಯನ್ನು ನಡೆಸಿದಳು. ಮ್ಯಾಟ್ ಶಾಲೆಗೆ ಹೋದದ್ದು ಬಹಳ ಸ್ವಲ್ಪ. ಕ್ರಿಶ್ಚಿಯನ್ ಬ್ರದರ್ಸ್ ಸಭೆಯವರ ಶಾಲೆಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಎದುರಿಗೆ, ಇವನು ಶಾಲೆ ತಪ್ಪಿಸುವ ಹುಡುಗನೆಂಬ ಟಿಪ್ಪಣಿ ಇತ್ತಂತೆ. ಹನ್ನೆರಡನೆಯ ವಯಸ್ಸಿಗೆ ಓದು ನಿಂತುಹೋಯಿತು.

ಹನ್ನೆರಡನೆಯ ವಯಸ್ಸಿನ ಕುಡುಕ

ಮನೆಯ ಬಡತನ ಅವನನ್ನು ಕೆಲಸಕ್ಕೆ ಅಟ್ಟಿತು. ದೊರೆತ ಕೆಲಸ ಮದ್ಯದ ವ್ಯಾಪಾರಿಯೊಬ್ಬರ ಉಗ್ರಾಣದಲ್ಲಿ. ಅಲ್ಲಿ ಬೀರ್ ಜಾತಿಯ ಮದ್ಯವನ್ನು ಸೀಸೆಗಳಿಗೆ ತುಂಬುತ್ತಿದ್ದರು. ತುಂಬುವ ಕೈ ಬಾಯಿಗೂ ಹೋಯಿತು. ಒಂದು ವರ್ಷ ಕಳೆಯುವುದರೊಳಗಾಗಿ ಹುಡುಗನು ಅಮಲೇರಿ ಮನೆಗೆ ಬರತೊಡಗಿದ್ದನು. ಕೋಪಗೊಂಡ ತಂದೆ ಅವನನ್ನು ಹೊಡೆದು, ಆ ಕೆಲಸವನ್ನು ಬಿಡಿಸಿ, ಕಣ್ಣೆದುರಿಗೇ ಇರಲೆಂದು ತಾನು ದುಡಿಯುತ್ತಿದ್ದ ಬಂದರಿನ ಉಗ್ರಾಣದಲ್ಲಿ ಸೇರಿಸಿಕೊಂಡರು. ಆದರೆ ಅಲ್ಲಿದ್ದದ್ದು ವಿಸ್ಕಿಯ ಪೀಪಾಯಿಗಳು. ಮಗನು ಬೀರನ್ನು ಬಿಟ್ಟು ವಿಸ್ಕಿಯನ್ನು ಹಿಡಿದನು. ತಂದೆಗೆ ತನ್ನಿಂದ ಮಾನಭಂಗವಾಗಬಾರದೆಂದು ಅವನು ಆ ಕೆಲಸವನ್ನೂ ಬಿಟ್ಟು, ಇಟ್ಟಿಗೆ ಗಾರೆ ಹೊರುವ ಕೂಲಿಗೆ ಸೇರಿದನು.

ಹೀಗೆ ಬಾಲ್ಯದಲ್ಲಿಯೇ ಹತ್ತಿದ ಚಟ ಸುಮಾರು ಹದಿನಾರು ವರ್ಷಗಳ ಕಾಲ ಮ್ಯಾಟ್ ಟಾಲ್ಬಟ್‌ರನ್ನು ಬಿಡಲಿಲ್ಲ. ಅವರು ಸೋಮಾರಿಯಾಗಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಜತೆಗಾರರಲ್ಲಿ ಅತ್ಯಂತ ಚುರುಕಾದ ಕೂಲಿಯಾಳೆಂದೇ ಅವರಿಗೆ ಹೆಸರಿತ್ತು. ಆದರೆ ಶನಿವಾರದ ಕೂಲಿ ಮನೆಯನ್ನು ಸೇರುತ್ತಿರಲಿಲ್ಲ. ಹಣ ಮುಗಿದಾಗ ಸಾಲ; ಸಾಲ ಹುಟ್ಟದಾಗ ಕಾಲಿನ ಬೂಟುಗಳನ್ನೇ ಒತ್ತೆಯಿಟ್ಟು ಬರಿಗಾಲಿನಲ್ಲಿ ಮನೆಗೆ ನಡೆದದ್ದೂ ಉಂಟು. ಒಮ್ಮೆ ಅವರೂ ಅವರ ಸಂಗಡಿಗರೂ ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಬಡವನೊಬ್ಬನ ಪಿಟೀಲನ್ನು ಕದ್ದು, ಮಾರಿ, ಬಂದ ಹಣವನ್ನು ಕುಡಿದು ಮುಗಿಸಿದರು. ಜೀವನದ ಕೊನೆಯವರೆಗೂ ಮ್ಯಾಟ್‌ರ ಮನಸ್ಸನ್ನು ಚುಚ್ಚಿದ ಕೃತ್ಯ ಅದು. ಈ ವರ್ಷಗಳಲ್ಲಿಯೂ ಅವರು ಭಾನುವಾರದ ಪೂಜೆಯನ್ನು ತಪ್ಪಿಸಲಿಲ್ಲ. ಆದರೆ ಪಾಪನಿವೇದನೆಗೆ ಹೋಗುವುದನ್ನೂ ಪರಮಪ್ರಸಾದವನ್ನು ಸ್ವೀಕರಿಸುವುದನ್ನೂ ಬಿಟ್ಟೇಬಿಟ್ಟಿದ್ದರು. ಬಾಗಿಲ ಬಳಿಯೇ ನಿಂತವರಲ್ಲಿ ಅವರೂ ಒಬ್ಬರಾಗಿದ್ದರು.

ಸೇತುವೆಯ ಬಳಿ ಒಂದು ಶನಿವಾರ

1884ನೆಯ ಇಸವಿ. ಮ್ಯಾಟ್‌ರಿಗೆ ಆಗ ಇಪ್ಪತ್ತೆಂಟು ವರ್ಷ. ಆ ವಾರವೆಲ್ಲ ಅವರು ಕೆಲಸಕ್ಕೆ ಹೋಗಿರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಶನಿವಾರ ಮಧ್ಯಾಹ್ನ ತಮ್ಮಂದಿರೊಡನೆ ನ್ಯೂಕಾಮನ್ ಸೇತುವೆಯ ಹತ್ತಿರದ ಮದ್ಯದಂಗಡಿಯ ಬಳಿ ನಿಂತರು. ಕೂಲಿ ಪಡೆದ ಗೆಳೆಯರು ಆ ದಾರಿಯಾಗಿಯೇ ಬರುವವರು. ಕೈ ತುಂಬ ಹಣವಿದ್ದಾಗ ಮ್ಯಾಟ್ ಅವರಿಗೆಲ್ಲ ಎಷ್ಟೋ ಸಲ ಕುಡಿಸಿದ್ದರು. ಈಗ ಒಬ್ಬನಾದರೂ ಒಳಗೆ ಕರೆದಾನೆಂಬ ನಿರೀಕ್ಷೆ. ಗೆಳೆಯರು ಬಂದರು, ಯೋಗಕ್ಷೇಮ ಕೇಳಿದರು, ಮುಂದಕ್ಕೆ ಹೋದರು. ಒಬ್ಬನೂ ಕರೆಯಲಿಲ್ಲ.

ಆ ಅವಮಾನ ಅವರ ಎದೆಯಲ್ಲಿ ನಾಟಿತು. ತಮ್ಮ ಗೆಳೆತನಗಳೆಲ್ಲ ಲೋಟದ ಸುತ್ತ ಕಟ್ಟಿದ್ದವೆಂದೂ, ಲೋಟ ಬರಿದಾದೊಡನೆ ಅವೂ ಬರಿದಾದವೆಂದೂ ಅವರಿಗೆ ಆ ಕ್ಷಣದಲ್ಲಿ ಹೊಳೆಯಿತು. ಅವರು ಮನೆಯ ಕಡೆಗೆ ತಿರುಗಿದರು. ಮಗನು ಶನಿವಾರ ಹಗಲಿನಲ್ಲೇ, ಅಮಲಿಲ್ಲದೆ ಬಂದುದನ್ನು ಕಂಡು ತಾಯಿ ಬೆರಗಾದಳು. ಊಟವಾದ ಮೇಲೆ ಅವರು, ತಾನು ಪಾನವರ್ಜನೆಯ ಪ್ರತಿಜ್ಞೆ ಕೈಗೊಳ್ಳಲು ಹೋಗುತ್ತಿರುವುದಾಗಿ ತಾಯಿಗೆ ತಿಳಿಸಿದರು. ಅವಳು ದೇವರ ಹೆಸರಿನಲ್ಲಿ ಹರಸಿದಳಾದರೂ, ನಡೆಸುವ ಮನಸ್ಸಿದ್ದರೆ ಮಾತ್ರ ಹೋಗೆಂದು ಎಚ್ಚರಿಸಿದಳು. ಎಷ್ಟೋ ಪ್ರತಿಜ್ಞೆಗಳು ಮುರಿದುದನ್ನು ಕಂಡಿದ್ದ ತಾಯಿಯ ಮಾತು ಅದು.

ಐರ್ಲೆಂಡಿನಲ್ಲಿ ಈ ಪ್ರತಿಜ್ಞೆಗೆ ಹಿನ್ನೆಲೆ ಉಂಟು. 1838ರಲ್ಲಿ ಕಾರ್ಕ್ ನಗರದಲ್ಲಿ ಕಪುಚಿನ್ ಸಭೆಯ ಫಾದರ್ ಥಿಯೊಬಾಲ್ಡ್ ಮ್ಯಾಥ್ಯೂ ಎಂಬ ಗುರುಗಳು ಪಾನವರ್ಜನೆಯ ಆಂದೋಲನವನ್ನು ಆರಂಭಿಸಿ ಲಕ್ಷಾಂತರ ಮಂದಿಯಿಂದ ಪ್ರತಿಜ್ಞೆ ಮಾಡಿಸಿದ್ದರು. ಮ್ಯಾಟ್ ಟಾಲ್ಬಟ್ ಆ ಸಂಜೆ ಕ್ಲಾನ್ಲಿಫಿನ ಹೋಲಿ ಕ್ರಾಸ್ ಗುರುಮಠಕ್ಕೆ ಹೋಗಿ, ಅನೇಕ ವರ್ಷಗಳ ಮೇಲೆ ಪಾಪನಿವೇದನೆ ಮಾಡಿ, ಮೂರು ತಿಂಗಳ ಮಟ್ಟಿಗೆ ಪ್ರತಿಜ್ಞೆ ಸ್ವೀಕರಿಸಿದರು. ಮಾರನೆಯ ದಿನ ಭಾನುವಾರ ಪರಮಪ್ರಸಾದವನ್ನು ಪಡೆದರು. ಜೀವಮಾನವಿಡೀ ಕುಡಿಯೆನೆಂದು ಒಮ್ಮೆಗೇ ಹೇಳುವ ಧೈರ್ಯ ಅವರಲ್ಲಿರಲಿಲ್ಲ. ಮೂರು ತಿಂಗಳೇ ಅವರಿಗೆ ಬೆಟ್ಟವಾಗಿ ಕಂಡಿತು. ಆ ಮೂರು ತಿಂಗಳು ಕಳೆದ ಮೇಲೆ ಆರು ತಿಂಗಳು. ಅದರ ಮೇಲೆ ಜೀವಮಾನ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅವರು ಏರಿದರು.

ಮೊದಲ ತಿಂಗಳುಗಳ ಹೋರಾಟ

ಪ್ರತಿಜ್ಞೆಯ ಮಾತಿನಿಂದಲೇ ಬಯಕೆ ಅಡಗಲಿಲ್ಲ. ಕೆಲಸ ಮುಗಿದ ಸಂಜೆಯ ಹೊತ್ತು ಅವರಿಗೆ ಅತ್ಯಂತ ಕಠಿನವಾಗಿತ್ತು. ಹದಿನಾರು ವರ್ಷ ಒಂದೇ ಬಾಗಿಲಿಗೆ ನಡೆದ ಕಾಲುಗಳು ತಾವಾಗಿಯೇ ಅತ್ತ ತಿರುಗುತ್ತಿದ್ದವು. ಆ ಹೊತ್ತನ್ನು ತುಂಬುವುದಕ್ಕಾಗಿ ಅವರು ಊರಿನ ಇನ್ನೊಂದು ಕಡೆಯ ದೇವಾಲಯಗಳಿಗೆ ನಡೆದುಹೋಗಿ, ಮಲಗುವ ವೇಳೆಯವರೆಗೂ ಅಲ್ಲಿಯೇ ಮೊಣಕಾಲೂರಿರುತ್ತಿದ್ದರು. ಹಳೆಯ ಸಂಗಡಿಗರಿಂದ ದೂರವಿರುವುದಕ್ಕೆ ಅವರಿಗೆ ಬೇರೆ ಉಪಾಯವಿರಲಿಲ್ಲ.

ಒಂದು ಸಂಜೆ ಮನಸ್ಸು ಸೋತು ಅವರು ಮದ್ಯದಂಗಡಿಯೊಂದರ ಒಳಗೆ ಹೋಗಿಯೂಬಿಟ್ಟರಂತೆ. ಅಂಗಡಿಯವನು ಬೇರೆಯವರಿಗೆ ಕೊಡುವ ಗಡಿಬಿಡಿಯಲ್ಲಿ ಇವರ ಕಡೆಗೆ ನೋಡಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದವರು ತಟ್ಟನೆ ಎಚ್ಚತ್ತು ಹೊರಗೆ ಬಂದು, ನೇರವಾಗಿ ಗಾರ್ಡಿನರ್ ಬೀದಿಯ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇವಾಲಯವನ್ನು ಹೊಕ್ಕು, ಬಾಗಿಲು ಮುಚ್ಚುವವರೆಗೂ ಅಲ್ಲಿಯೇ ಉಳಿದರು. ಅಂದಿನಿಂದ ಅವರು ಜೇಬಿನಲ್ಲಿ ಹಣವಿಟ್ಟುಕೊಂಡು ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟರು. ತಮ್ಮ ದೌರ್ಬಲ್ಯವನ್ನು ತಾವೇ ಒಪ್ಪಿಕೊಂಡು, ಅದಕ್ಕೆ ಅವಕಾಶ ಕೊಡದಂತೆ ದಾರಿಗೆ ಬೇಲಿ ಹಾಕಿಕೊಂಡ ವಿವೇಕ ಇದು. ನಾನು ಗಂಡಸು, ನನ್ನನ್ನು ನಾನು ತಡೆದುಕೊಳ್ಳಬಲ್ಲೆನೆಂಬ ಹೆಮ್ಮೆಯು ಎಷ್ಟೋ ಮನೆಗಳನ್ನು ಹಾಳು ಮಾಡಿದೆಯೆಂಬುದನ್ನು ನಾವೆಲ್ಲರೂ ಬಲ್ಲೆವು.

ಕುಡಿತದೊಡನೆ ಅವರು ತಂಬಾಕನ್ನೂ ಬಿಟ್ಟರು. ಇದು ಮದ್ಯವನ್ನು ಬಿಟ್ಟದ್ದಕ್ಕಿಂತಲೂ ಕಷ್ಟವಾಯಿತೆಂದು ಹೇಳುತ್ತಿದ್ದರಂತೆ. ಮಾತು ಮಾತಿಗೆ ಆಣೆಯಿಡುವ, ಬೈಯುವ ಅಭ್ಯಾಸವನ್ನು ನಿಲ್ಲಿಸಲು ಅಂಗಿಯ ತೋಳಿಗೆ ಎರಡು ಗುಂಡುಸೂಜಿಗಳನ್ನು ಶಿಲುಬೆಯಾಕಾರದಲ್ಲಿ ಚುಚ್ಚಿಕೊಂಡರು; ನಾಲಗೆ ಜಾರುವಾಗ ಕಣ್ಣು ಅದರ ಮೇಲೆ ಬೀಳಲೆಂಬ ಉದ್ದೇಶದಿಂದ.

ಮುಂದೆ ಅವರು ಹಳೆಯ ಸಾಲಗಳ ಲೆಕ್ಕ ತೀರಿಸಲು ಹೊರಟರು. ಸಾಲ ಕೊಟ್ಟಿದ್ದ ಮದ್ಯದಂಗಡಿಗಳಿಗೆ ಹಣವನ್ನು ಒಂದು ಕಾಸೂ ಉಳಿಸದೆ ಮುಟ್ಟಿಸಿದರು. ಪಿಟೀಲಿನವನನ್ನು ಮಾತ್ರ ಎಷ್ಟು ಹುಡುಕಿದರೂ ಕಾಣಲಿಲ್ಲ. ಅನಾಥಾಲಯ, ಬಡವರ ವಸತಿಗಳಲ್ಲೆಲ್ಲ ವರ್ಷಗಟ್ಟಲೆ ವಿಚಾರಿಸಿ ಕೊನೆಗೆ, ಅವನಿಗೆ ಸಲ್ಲಬೇಕಾದ ಹಣದಿಂದ ಅವನ ಆತ್ಮಕ್ಕಾಗಿ ಬಲಿಪೂಜೆಗಳನ್ನು ಮಾಡಿಸಿದರು. ಪಶ್ಚಾತ್ತಾಪವೆಂಬುದು ಕಣ್ಣೀರಿನಲ್ಲಿ ಮುಗಿಯುವುದಲ್ಲ, ಕೊಡಬೇಕಾದುದನ್ನು ಕೊಡುವುದರಲ್ಲಿ ಮುಗಿಯುತ್ತದೆಂಬುದಕ್ಕೆ ಇದೊಂದು ಸಾಕ್ಷಿ.

ನಲವತ್ತೊಂದು ವರ್ಷಗಳ ನಡೆ

1884ರಿಂದ 1925ರವರೆಗೆ ನಲವತ್ತೊಂದು ವರ್ಷ ಮ್ಯಾಟ್ ಟಾಲ್ಬಟ್ ಒಂದು ಗುಟುಕನ್ನೂ ಮುಟ್ಟಲಿಲ್ಲ. ಹೊರಗಿನವರ ಕಣ್ಣಿಗೆ ಆ ಜೀವನದಲ್ಲಿ ಯಾವ ವಿಶೇಷವೂ ಇರಲಿಲ್ಲ. ಲಿಫಿ ನದಿಯ ದಂಡೆಯ ಮರದ ಡಿಪೋ ಒಂದರಲ್ಲಿ ಹಲಗೆ ಹೊತ್ತು ಒಟ್ಟುವ ಕೂಲಿ, ಬೆಳಗಿನ ಜಾವದ ಪೂಜೆ, ಸಂಜೆ ದೇವಾಲಯ, ರಾತ್ರಿ ಬಾಡಿಗೆಯ ಒಂದು ಕೋಣೆ. ಮಲಗುವುದು ಹಲಗೆಯ ಮೇಲೆ, ದಿಂಬಿನ ಬದಲು ಮರದ ತುಂಡು. ಊಟ ಹೆಚ್ಚಿನ ದಿನಗಳಲ್ಲಿ ಒಣ ರೊಟ್ಟಿ, ಹಾಲಿಲ್ಲದ ಚಹಾ ಅಥವಾ ಕೋಕೋ. 1890ರಲ್ಲಿ ಅವರು ಸಂತ ಅಸ್ಸಿಸಿಯ ಫ್ರಾನ್ಸಿಸರ ಮೂರನೆಯ ಸಭೆಗೆ ಸೇರಿದರು. ಗುರುಮಠದ ಪ್ರಾಧ್ಯಾಪಕರಾಗಿದ್ದ ಫಾದರ್ ಮೈಕೆಲ್ ಹಿಕ್ಕಿಯವರು ಬಹಳ ವರ್ಷ ಅವರಿಗೆ ಆತ್ಮಿಕ ಮಾರ್ಗದರ್ಶಕರಾಗಿದ್ದರು.

ಸರಿಯಾಗಿ ಓದು ಬಾರದಿದ್ದ ಈ ಮನುಷ್ಯ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಲು ಕಲಿತು, ಸಂತ ಅಗಸ್ಟೀನರನ್ನೂ ಸಂತ ಫ್ರಾನ್ಸಿಸ್ ದ ಸಾಲ್ಸರನ್ನೂ ಆವಿಲಾದ ಸಂತ ತೆರೇಸಮ್ಮನವರನ್ನೂ ಓದಿದರು. ತಿಳಿಯದ ಮಾತು ಬಂದಾಗ ಗುರುಗಳನ್ನು ಕೇಳುತ್ತಿದ್ದರು. ಯೌವನದ ದುಶ್ಚಟದಿಂದ ಬಳಲಿ ತಾಯಿಯ ಕಣ್ಣೀರಿನಿಂದ ಮರಳಿ ಬಂದ ಅಗಸ್ಟೀನರ ಕಥೆ ಅವರಿಗೆ ತಮ್ಮದೇ ಕಥೆಯೆಂದು ತೋರಿದ್ದರೆ ಆಶ್ಚರ್ಯವೇನು!

ತಂದೆಯ ಮರಣಾನಂತರ ಅವರು ತಾಯಿಯನ್ನು ತಮ್ಮೊಡನೆ ಇರಿಸಿಕೊಂಡು 1915ರಲ್ಲಿ ಅವಳು ಕಣ್ಣು ಮುಚ್ಚುವವರೆಗೂ ನೋಡಿಕೊಂಡರು. ಮಧ್ಯರಾತ್ರಿ ಎಚ್ಚರವಾದಾಗಲೆಲ್ಲ ಮಗನು ಪ್ರಾರ್ಥನೆಯಲ್ಲಿರುವುದನ್ನು ಅವಳು ಕಾಣುತ್ತಿದ್ದಳಂತೆ. ಒಂದು ಕಾಲಕ್ಕೆ ಅಮಲಿನಲ್ಲಿ ತೂರಾಡುತ್ತ ಬರುವ ಮಗನಿಗಾಗಿ ಬಾಗಿಲು ಕಾದ ತಾಯಿಗೆ ದೇವರು ಕೊಟ್ಟ ಪ್ರತಿಫಲ ಅದು.

ಅವರು ಮುಖ ಗಂಟಿಕ್ಕಿಕೊಂಡ ಸಂನ್ಯಾಸಿಯಾಗಿರಲಿಲ್ಲ. ಕೆಲಸದವರ ನಡುವೆ ನಗುತ್ತಿದ್ದರು. ಯಾರಾದರೂ ಯೇಸುಸ್ವಾಮಿಯ ಹೆಸರನ್ನು ಹಗುರವಾಗಿ ಎತ್ತಿದರೆ ಗದರಿಸುತ್ತಿರಲಿಲ್ಲ. ಸುಮ್ಮನೆ ತಮ್ಮ ಟೋಪಿಯನ್ನು ಮೇಲಕ್ಕೆತ್ತಿ ಆ ನಾಮಕ್ಕೆ ವಂದಿಸುತ್ತಿದ್ದರು. ಮಕ್ಕಳೊಂದಿಗರಾದ ಕೂಲಿಯವರಿಗೆ ಕಷ್ಟ ಬಂದಾಗ ತಮ್ಮ ಕೂಲಿಯಿಂದ ಕೊಡುತ್ತಿದ್ದರು. ಉಳಿದುದು ಬಡವರಿಗೂ ಅನಾಥರಿಗೂ ಚೀನಾ ದೇಶದ ಧರ್ಮಪ್ರಚಾರಕ್ಕೂ ಹೋಗುತ್ತಿತ್ತು.

1913ರ ಆಗಸ್ಟಿನಿಂದ 1914ರ ಆರಂಭದವರೆಗೆ ಡಬ್ಲಿನ್ನಿನಲ್ಲಿ ಮಾಲಿಕರು ಕಾರ್ಖಾನೆ, ಉಗ್ರಾಣಗಳ ಬಾಗಿಲು ಮುಚ್ಚಿ ಸುಮಾರು 20,000 ಕಾರ್ಮಿಕರನ್ನು ಹೊರಗೆ ನಿಲ್ಲಿಸಿದರು. ಜಿಮ್ ಲಾರ್ಕಿನ್ನರ ಮುಂದಾಳುತನದ ಸಂಘಕ್ಕೆ ಸೇರಿದ್ದ ಮ್ಯಾಟ್ ಟಾಲ್ಬಟ್ ಜತೆಯವರನ್ನು ಬಿಟ್ಟುಕೊಡಲಿಲ್ಲ. ಸಂಘದವರು ಕೊಡುವ ಪರಿಹಾರವನ್ನು ಮಾತ್ರ, ತಾನು ದುಡಿಯದ ಹಣವೆಂದು ಮೊದಲು ನಿರಾಕರಿಸಿದರು. ಬಳಿಕ ಅದನ್ನು ಹೆಂಡತಿ ಮಕ್ಕಳಿರುವ ಜತೆಗಾರರಿಗೆ ಹಂಚುವಂತೆ ಮಾಡಿದರು. ಪ್ರಾರ್ಥನೆಯಲ್ಲಿ ಮುಳುಗಿದವರು ನೆರೆಯವರ ಹಸಿವನ್ನು ಮರೆಯುತ್ತಾರೆಂಬ ದೂರು ಇವರ ಮಟ್ಟಿಗೆ ಸಲ್ಲುವುದಿಲ್ಲ.

ಅವರ ಸೋದರರು ಕುಡಿತವನ್ನು ಬಿಡಲಿಲ್ಲವೆಂಬುದನ್ನೂ ನಾವು ಮುಚ್ಚಿಡಬಾರದು. ಮ್ಯಾಟ್ ಎಷ್ಟು ಪ್ರಯತ್ನಿಸಿದರೂ ಅವರು ಒಲಿಯಲಿಲ್ಲ. ಒಂದೇ ಮನೆ, ಒಂದೇ ತಾಯಿಯ ಪ್ರಾರ್ಥನೆ. ಆದರೂ ಒಬ್ಬ ಬಿಡುಗಡೆ ಹೊಂದಿದ, ಇತರರು ಹೊಂದಲಿಲ್ಲ. ಆದುದರಿಂದಲೇ ಮ್ಯಾಟ್, ಕುಡಿತ ಬಿಡಲಾರದವನ ಮೇಲೆ ಕಠಿನವಾಗಬಾರದೆಂದು ತಮ್ಮ ಸೋದರಿಗೆ ಹೇಳುತ್ತಿದ್ದರು. ಸತ್ತವನನ್ನು ಎಬ್ಬಿಸುವುದು ಎಷ್ಟು ಕಷ್ಟವೋ ಅದೂ ಅಷ್ಟೇ ಕಷ್ಟವೆಂದೂ, ದೇವರಿಗೆ ಮಾತ್ರ ಎರಡೂ ಸಾಧ್ಯವೆಂದೂ ಅವರು ನಂಬಿದ್ದರು.

ಓಣಿಯಲ್ಲಿ ಕೊನೆ

1923ರಿಂದ ಹೃದಯದ ಬೇನೆಯೂ ಮೂತ್ರಪಿಂಡದ ಬೇನೆಯೂ ಅವರನ್ನು ಕಾಡತೊಡಗಿದವು, ಆಸ್ಪತ್ರೆಯನ್ನು ಸೇರಬೇಕಾಯಿತು. ಸ್ವಲ್ಪ ಚೇತರಿಸಿಕೊಂಡು ಪುನಃ ಕೆಲಸಕ್ಕೆ ಹೋದರು. 1925ನೆಯ ಇಸವಿ ಜೂನ್ 7, ಪರಮ ತ್ರಿತ್ವದ ಭಾನುವಾರ. ಪೂಜೆಗೆಂದು ದೊಮಿನಿಕನ್ನರ ಸಂತ ಸೇವಿಯರ್ ದೇವಾಲಯದ ಕಡೆಗೆ ನಡೆಯುತ್ತಿದ್ದ ಅವರು ಗ್ರ್ಯಾನ್ಬಿ ಓಣಿಯಲ್ಲಿ ಕುಸಿದುಬಿದ್ದು ಪ್ರಾಣಬಿಟ್ಟರು. ದಾರಿಹೋಕರಿಗೆ ಇವರಾರೆಂಬುದು ತಿಳಿಯಲಿಲ್ಲ. ಶವವನ್ನು ಆಸ್ಪತ್ರೆಗೆ ಒಯ್ದು ಬಟ್ಟೆ ತೆಗೆದಾಗ ಸೊಂಟ, ಕೈಕಾಲುಗಳಲ್ಲಿ ಸರಪಣಿಗಳು ಕಂಡವು. ಸಂತ ಲೂಯಿ ದ ಮೋಂಫೋರರ ಬೋಧನೆಯಂತೆ ದೇವಮಾತೆಗೆ ತನ್ನನ್ನು ದಾಸನಾಗಿ ಅರ್ಪಿಸಿಕೊಂಡ ಗುರುತಾಗಿ ಅವನ್ನು ಅವರು ಗುಟ್ಟಾಗಿ ಧರಿಸುತ್ತಿದ್ದರು. ಪರಮಪ್ರಸಾದದ ಹಬ್ಬವಾಗಿದ್ದ ಜೂನ್ 11ರಂದು ಗ್ಲಾಸ್‌ನೆವಿನ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ಮಾರನೆಯ ವರ್ಷ, 1926ರಲ್ಲಿ, ಸರ್ ಜೋಸೆಫ್ ಗ್ಲಿನ್ ಎಂಬುವರು ಬರೆದ ಚಿಕ್ಕದೊಂದು ಜೀವನಚರಿತ್ರೆ ಹೊರಬಿದ್ದಿತು. ಯಾರಿಗೂ ಗೊತ್ತಿಲ್ಲದ ಕೂಲಿಯಾಳಿನ ಹೆಸರು ಕೆಲವೇ ವರ್ಷಗಳಲ್ಲಿ ದೇಶದೇಶಗಳಿಗೆ ಹರಡಿತು. 1931ರಲ್ಲಿ ಡಬ್ಲಿನ್ನಿನ ಮಹಾಧರ್ಮಾಧ್ಯಕ್ಷರು ಸಂತಪದವಿಯ ವಿಚಾರಣೆಯನ್ನು ಆರಂಭಿಸಿದರು. 1972ರಲ್ಲಿ ಅವರ ಅವಶೇಷಗಳನ್ನು ಷಾನ್ ಮ್ಯಾಕ್‌ಡರ್ಮಟ್ ಬೀದಿಯ ಲೂರ್ದು ಮಾತೆಯ ದೇವಾಲಯಕ್ಕೆ ತರಲಾಯಿತು. 1975ರ ಅಕ್ಟೋಬರ್ 3ರಂದು ಜಗದ್ಗುರು ಆರನೆಯ ಪೌಲರು ಅವರನ್ನು ಪೂಜ್ಯರೆಂದು ಸಾರಿದರು. ಲಿಫಿ ನದಿಯ ಮೇಲೆ 1978ರಲ್ಲಿ ತೆರೆದ ಸೇತುವೆಯೊಂದಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಒಂದು ಸೇತುವೆಯ ಬಳಿ ಗೆಳೆಯರಿಂದ ಕೈಬಿಡಲ್ಪಟ್ಟವನ ಹೆಸರಿನಲ್ಲಿ ಇನ್ನೊಂದು ಸೇತುವೆ ನಿಂತಿದೆ.

ನಮಗೆ ಈ ಜೀವನ ಹೇಳುವುದೇನು?

ಮ್ಯಾಟ್ ಟಾಲ್ಬಟ್‌ರ ಉಪವಾಸ, ಹಲಗೆಯ ಹಾಸಿಗೆ, ಸರಪಣಿಗಳನ್ನು ಯಾರೂ ಅನುಕರಿಸಬೇಕಾಗಿಲ್ಲ. ಅವು ಮಾರ್ಗದರ್ಶಕ ಗುರುಗಳ ಕಣ್ಣಿನಡಿಯಲ್ಲಿ ನಡೆದ ಒಬ್ಬರ ವಿಶೇಷ ಕರೆ. ಇನ್ನೊಂದು ಮಾತನ್ನೂ ನಾವು ಸ್ಪಷ್ಟವಾಗಿ ಹೇಳಬೇಕು. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸು, ಬುದ್ಧಿಭ್ರಮೆ ಬರುವುದುಂಟು. ಕೆಲವೊಮ್ಮೆ ಪ್ರಾಣಕ್ಕೇ ಅಪಾಯ. ಆದಕಾರಣ ಬಿಡುವ ನಿರ್ಧಾರವನ್ನು ವೈದ್ಯರ ಸಹಾಯದಿಂದ ನಡೆಸಬೇಕು. ಮ್ಯಾಟ್‌ರ ಕಾಲದಲ್ಲಿ ಇಂಥ ವೈದ್ಯವಿರಲಿಲ್ಲ. ಇಂದು ಕುಡಿತದ ಗೀಳನ್ನೂ ಅಮಲು ಪದಾರ್ಥಗಳ ಗೀಳನ್ನೂ ವೈದ್ಯಶಾಸ್ತ್ರವು ಚಿಕಿತ್ಸೆಗೆ ಒಳಪಡುವ ರೋಗವೆಂದೇ ಪರಿಗಣಿಸುತ್ತದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಕೇಂದ್ರವಿದೆ. ವ್ಯಸನಮುಕ್ತಿಗಾಗಿ 14446, ಮನಸ್ಸಿನ ವ್ಯಥೆಗಾಗಿ 14416 ಎಂಬ ಸರಕಾರದ ದೂರವಾಣಿ ಸಂಖ್ಯೆಗಳಿವೆ. ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಲು ನಾಚದ ಗಂಡಸು ಇದಕ್ಕೆ ನಾಚುವ ಕಾರಣವಿಲ್ಲ.

ಮ್ಯಾಟ್ ತೀರಿಕೊಂಡ ಹತ್ತು ವರ್ಷಗಳಿಗೆ, 1935ರಲ್ಲಿ, ಅಮೆರಿಕಾದ ಅಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಎಂಬುವರೂ ಡಾಕ್ಟರ್ ಬಾಬ್ ಸ್ಮಿತ್ ಎಂಬುವರೂ ಸೇರಿ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗವನ್ನು ಆರಂಭಿಸಿದರು. ಇಂದು ನಮ್ಮ ದೇಶದಲ್ಲಿಯೂ ಆ ಬಳಗದ ಸಭೆಗಳು ನಡೆಯುತ್ತವೆ. ತನ್ನ ಬಲದಿಂದ ಆಗದೆಂದು ಒಪ್ಪಿಕೊಳ್ಳುವುದು, ದೇವರನ್ನು ನೆಚ್ಚುವುದು, ನೋಯಿಸಿದವರಿಗೆ ಪರಿಹಾರ ಕೊಡುವುದು, ಒಂದೊಂದೇ ದಿನವನ್ನು ಗೆಲ್ಲುವುದು ಇವು ಆ ಬಳಗದ ದಾರಿ. ಡಬ್ಲಿನ್ನಿನ ಕೂಲಿಯಾಳು ಬಹುಮಟ್ಟಿಗೆ ಇದೇ ದಾರಿಯನ್ನು ಒಬ್ಬಂಟಿಯಾಗಿ ನಡೆದಿದ್ದರು.

ಆದರೆ ಬಿಡಲಾಗದೆ ಹೋದವರ ಗತಿಯೇನು? ಚೀನಾ ದೇಶದ ಸಂತ ಮಾರ್ಕ್ ಜಿ ತಿಯಾನ್‌ಷಿಯಾಂಗರನ್ನು ಇಲ್ಲಿ ಸ್ಮರಿಸೋಣ. ಬಡವರಿಗೆ ಪುಕ್ಕಟೆ ಔಷಧ ಕೊಡುತ್ತಿದ್ದ ವೈದ್ಯರು ಅವರು. ಹೊಟ್ಟೆಯ ಬೇನೆಗೆಂದು ತೆಗೆದುಕೊಂಡ ಅಫೀಮು ಅವರಿಗೆ ಅಂಟಿಕೊಂಡಿತು. ಅದು ರೋಗವೆಂದು ಯಾರೂ ಅರಿಯದ ಕಾಲದಲ್ಲಿ ಸುಮಾರು 30 ವರ್ಷ ಅವರಿಗೆ ಪರಮಪ್ರಸಾದ ನಿಷೇಧವಾಗಿತ್ತು. ಆದರೂ ಅವರು ದೇವಾಲಯವನ್ನು ತೊರೆಯಲಿಲ್ಲ, ಪ್ರಾರ್ಥನೆಯನ್ನು ಬಿಡಲಿಲ್ಲ. 1900ರ ಬಾಕ್ಸರ್ ದಂಗೆಯಲ್ಲಿ ವಿಶ್ವಾಸವನ್ನು ಅಲ್ಲಗಳೆಯದೆ ಕುಟುಂಬದವರೊಡನೆ ರಕ್ತಸಾಕ್ಷಿಯಾದರು. ತಮ್ಮವರಲ್ಲಿ ಯಾರೂ ಒಂಟಿಯಾಗಿ ಸಾಯಬಾರದೆಂದು ತಮ್ಮನ್ನೇ ಕೊನೆಗೆ ಕೊಲ್ಲುವಂತೆ ಕೇಳಿಕೊಂಡರು. 2000ನೆಯ ಇಸವಿಯಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಸಂತರ ಸಾಲಿಗೆ ಸೇರಿಸಿದರು. ಗೆದ್ದವರಿಗೂ ಗೆಲ್ಲಲಾರದೆ ಹೋರಾಡಿದವರಿಗೂ ದೇವರ ಮನೆಯಲ್ಲಿ ಸ್ಥಳವುಂಟೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ಪ್ರಿಯ ಧರ್ಮಬಂಧುಗಳೇ, ನಮ್ಮ ಮನೆಗಳಲ್ಲಿ ಈ ವಿಷಯವನ್ನು ಪಿಸುಮಾತಿನಲ್ಲಿ ಆಡುವುದೇ ರೂಢಿ. ಹೆಂಡತಿ ಮುಚ್ಚಿಡುತ್ತಾಳೆ, ಮಕ್ಕಳು ಹೆದರುತ್ತಾರೆ, ನೆರೆಯವರು ಹಾಸ್ಯ ಮಾಡುತ್ತಾರೆ, ಅವನೋ ಒಳಗೊಳಗೇ ಕುಗ್ಗುತ್ತಾನೆ. ಮದುವೆ, ನಾಮಕರಣ, ಹಬ್ಬಗಳಲ್ಲಿ ಬೇಡವೆಂದವನ ಕೈಗೂ ಲೋಟವನ್ನು ಕೊಟ್ಟು ಒತ್ತಾಯಿಸುವವರು ನಾವೇ. ಮರುದಿನ ಅವನನ್ನು ಕುಡುಕನೆಂದು ಕರೆಯುವವರೂ ನಾವೇ. ಸೇತುವೆಯ ಬಳಿ ಮ್ಯಾಟ್‌ರನ್ನು ಕಂಡೂ ಕಾಣದಂತೆ ಮುಂದೆ ಹೋದ ಗೆಳೆಯರು ಅವರಿಗೆ ಅರಿಯದೆಯೇ ಉಪಕಾರ ಮಾಡಿದರು, ನಿಜ. ಆದರೆ ಅಂದು ಮನೆಯಲ್ಲಿ ಬಾಗಿಲು ತೆರೆದ ತಾಯಿ ಇರದಿದ್ದರೆ, ಗುರುಮಠದಲ್ಲಿ ಗದರಿಸದೆ ಕೇಳಿದ ಗುರುಗಳು ಇರದಿದ್ದರೆ, ಸಂಜೆಗೆ ಹೋಗಿ ಕೂರಲು ತೆರೆದಿದ್ದ ದೇವಾಲಯವೊಂದು ಇರದಿದ್ದರೆ ಆ ಅವಮಾನವು ಅವರನ್ನು ಎಲ್ಲಿಗೆ ಒಯ್ಯುತ್ತಿತ್ತೋ ಹೇಳುವವರಾರು?

ನಮ್ಮ ದೇವಾಲಯವು ತನ್ನ ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ವೇಳೆಯಲ್ಲಿ ಬಾಗಿಲ ಬಳಿ ನಿಂತಿರುವವನ ಪಕ್ಕದಲ್ಲಿ ನಮ್ಮಲ್ಲೊಬ್ಬರಾದರೂ ಹೋಗಿ ನಿಲ್ಲಲಿ. ಅವನು ಹೇಳುವುದನ್ನು ಕೇಳಲಿ. ಬೇಕಾದರೆ ಆಸ್ಪತ್ರೆಯವರೆಗೆ ಜತೆಯಲ್ಲಿ ನಡೆಯಲಿ. ಮೂರು ತಿಂಗಳು ಅವನಿಗೆ ಬೆಟ್ಟವೆನಿಸಿದರೆ ಮೂರು ದಿನ ಸಾಕು. ಮೂರು ದಿನವೂ ಕಷ್ಟವಾದರೆ ಇಂದಿನ ಸಂಜೆಯೊಂದು ಸಾಕು. ಪೂಜ್ಯ ಮ್ಯಾಟ್ ಟಾಲ್ಬಟ್‌ರು ಆರಂಭಿಸಿದ್ದೂ ಒಂದು ಶನಿವಾರದ ಸಂಜೆಯಿಂದಲೇ.